ನೊಗದಿಂದ ಹ್ಯಾಂಡಲಿನವರೆಗೆ: ಗಾಡಿಯ ಬೆಲೆ ತೆತ್ತವರು ಯಾರು?



ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತು ನಡೆಯುತ್ತದೆ. ಮಗ ಬೈಕು ಬೇಕೆನ್ನುತ್ತಾನೆ. ತಾಯಿ ಬೇಡವೆನ್ನುತ್ತಾರೆ. ತಂದೆ ಏನೂ ಹೇಳದೆ ಎದ್ದು ಹೊರಗೆ ಹೋಗುತ್ತಾರೆ. ಅವರ ಮನಸ್ಸಿನಲ್ಲಿ ಆಗಲೇ ತೆಂಗಿನ ತೋಟದ ಲೆಕ್ಕವೋ ಈರುಳ್ಳಿಯ ಲೆಕ್ಕವೋ ಓಡುತ್ತಿರುತ್ತದೆ. ನಿಮ್ಮಲ್ಲಿ ಕೆಲವರು ಈ ಮಾತುಕತೆಯಲ್ಲಿ ಮಗನ ಸ್ಥಾನದಲ್ಲಿ ನಿಂತಿರಬಹುದು. ಕೆಲವರು ಅಣ್ಣನಿಗೆ ಬೈಕು, ತನಗೆ ಬಸ್ ಪಾಸು ಎಂಬ ತೀರ್ಮಾನವನ್ನು ಕೇಳಿಸಿಕೊಂಡ ತಂಗಿಯರೂ ಆಗಿರಬಹುದು.

ಎಳೆಯ ಸವಾರನಿಗೆ ದುಬಾರಿ ಗಾಡಿ ಬೇಕೆ? ಅದರ ಹಣವನ್ನು ಹೆತ್ತವರು ತೆರಬೇಕೆ? ಇದಕ್ಕೂ ಇತಿಹಾಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ವೇಗವಾಗಿ ಹೋಗಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಆ ವೇಗಕ್ಕೆ ಯಾರು ಬೆಲೆ ಕೊಟ್ಟರು, ಯಾವ ಕೆಲಸಕ್ಕಾಗಿ ಕೊಟ್ಟರು, ಕೈಗೆ ಬಂದ ವೇಗವನ್ನು ಹೇಗೆ ಪಳಗಿಸಿದರು ಎಂಬುದಕ್ಕೆ ಕಡೂರು, ತರೀಕೆರೆ, ಅಜ್ಜಂಪುರಗಳ ನೆಲದಲ್ಲೇ ಮುನ್ನೂರು ವರ್ಷಗಳ ಕಥೆಯಿದೆ.

ಕಾವಲಿನ ಎತ್ತುಗಳು

ಮೊದಲು ಭೂಪಟವನ್ನು ನೋಡಿ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. ಕಡೂರು ಬಯಲುಸೀಮೆ. ತೆಂಗು, ರಾಗಿ, ಮಳೆ ನಂಬಿದ ಬೇಸಾಯ. ತರೀಕೆರೆಯ ಒಂದು ಮಗ್ಗುಲು ಮಲೆನಾಡಿಗೆ ತಾಗಿದೆ. ಅಲ್ಲಿ ಅಡಿಕೆ, ಭದ್ರಾ ನೀರು, ಕೆಮ್ಮಣ್ಣುಗುಂಡಿಯ ಬೆಟ್ಟ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಕಪ್ಪು ಭೂಮಿ, ಈರುಳ್ಳಿ ಮತ್ತು ಅಮೃತಮಹಲ್ ದನಗಳು ಅದರ ಗುರುತು.

ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ವ್ಯವಸ್ಥೆಗೊಳಿಸಿದರು. ರಾಜ್ಯದ ಹಲವೆಡೆ ಈ ಹಿಂಡುಗಳಿಗೆ ಮೇವಿನ ಕಾವಲುಗಳನ್ನು ಬಿಡಲಾಯಿತು. ಬೇಸಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಹೈದರಾಲಿಯ ಕಾಲಕ್ಕೆ ಈ ಎತ್ತುಗಳು ಸೇನೆಯ ಬೆನ್ನೆಲುಬಾದವು. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ.

ಈ ಎತ್ತು ದೊಡ್ಡ ಗಾತ್ರದ್ದಲ್ಲ. ಇದರ ಹಸು ಹೆಚ್ಚು ಹಾಲನ್ನೂ ಕೊಡುವುದಿಲ್ಲ. ಇದರ ಹೆಸರು ನಿಂತಿರುವುದು ನಡಿಗೆಯ ಮೇಲೆ, ದಣಿಯದ ಗುಣದ ಮೇಲೆ. 1781ರಲ್ಲಿ ಹೈದರಾಲಿ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದುಹೋದದ್ದು ಈ ಎತ್ತುಗಳ ಬಲದಿಂದ. ಸೋತು ಹಿಮ್ಮೆಟ್ಟುವಾಗಲೂ ಶತ್ರುವಿನ ಕಣ್ಣೆದುರಿಗೇ ತೋಪುಗಳನ್ನು ಎಳೆದುಕೊಂಡು ಹೋಗಲು ಅವನಿಗೆ ಸಾಧ್ಯವಾಗುತ್ತಿತ್ತು. 1799ರ ನಂತರ ಹಿಂಡು ಇಂಗ್ಲಿಷರ ಕೈ ಸೇರಿತು. 1800ರಲ್ಲಿ ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ ಅಷ್ಟು ಚುರುಕಾಗಿ ಸೇನೆ ನಡೆಸಿದ್ದೂ ಇವುಗಳ ನೆರವಿನಿಂದಲೇ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್‌ಟನ್ ಇವನೇ.

ನೂರು ಮೈಲಿ ಎಂದರೆ ಸುಮಾರು 160 ಕಿಲೋಮೀಟರು. ಇಂದು ಒಂದು ಸಾಧಾರಣ ಬೈಕು ಅಷ್ಟು ದೂರವನ್ನು ಒಂದು ಬೆಳಗಿನಲ್ಲಿ ಮುಗಿಸುತ್ತದೆ. ಆದರೆ ಅಂದಿನ ವೇಗದ ಹಿಂದೆ ಒಂದು ರಾಜ್ಯದ ಬೊಕ್ಕಸ, ಸಾವಿರಾರು ಎಕರೆ ಹುಲ್ಲುಗಾವಲು, ಜೀವಮಾನವಿಡೀ ದನಗಳ ಜೊತೆ ಬಾಳಿದ ಕಾವಲುಗಾರರ ಕುಟುಂಬಗಳು ಇದ್ದವು. ಆ ಖರ್ಚನ್ನು ಯಾರೂ ಶೋಕಿಗಾಗಿ ಮಾಡಲಿಲ್ಲ.

ದುಬಾರಿಯೆಂದು ಮಾರಿದ ಕಥೆ

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಗಮನಿಸಬೇಕು. ಹಣ ಉಳಿಸುವುದೊಂದೇ ವಿವೇಕ ಎಂದು ಇತಿಹಾಸ ಹೇಳುವುದಿಲ್ಲ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಂಗ್ಲಿಷ್ ಆಡಳಿತ ಅಮೃತಮಹಲ್ ಹಿಂಡನ್ನು ಮಾರಿಬಿಟ್ಟಿತು. ಲೆಕ್ಕದ ಪುಸ್ತಕದಲ್ಲಿ ಖರ್ಚು ಇಳಿಯಿತು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಯಿತು. ಅಂಥ ಎತ್ತು ಬೇರೆಲ್ಲೂ ಸಿಗುವಂತಿರಲಿಲ್ಲ. 1866ರಲ್ಲಿ ಚದುರಿಹೋದ ತಳಿಯ ದನಗಳನ್ನು ಮತ್ತೆ ಹುಡುಕಿ ತಂದು ಇಲಾಖೆಯನ್ನು ಹೊಸದಾಗಿ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು.

ಆದ್ದರಿಂದ ನಮ್ಮ ಪ್ರಶ್ನೆಯನ್ನು ‘ದುಬಾರಿಯೋ ಅಗ್ಗವೋ’ ಎಂದು ಕೇಳಿದರೆ ಸಾಲದು. ‘ಈ ಬೆಲೆಗೆ ತಕ್ಕ ಕೆಲಸವಿದೆಯೇ’ ಎಂದು ಕೇಳಬೇಕು. ಕೆಲಸವಿದ್ದಾಗ ಬೆಲೆ ಕೊಡದಿರುವುದು ನಷ್ಟ. ಕೆಲಸವಿಲ್ಲದಾಗ ಕೊಡುವುದೂ ನಷ್ಟವೇ.

ಹರಾಜಿನ ಹೋರಿ

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ. ದಾವಣಗೆರೆ, ಹಾವೇರಿ, ಚಿತ್ರದುರ್ಗಗಳ ಕಡೆಯ ರೈತರು ಬಂದಿರುತ್ತಾರೆ. ಕೂಗು ಏರುತ್ತಾ ಹೋಗುತ್ತದೆ. ಲಕ್ಷ ರೂಪಾಯಿ ದಾಟಿದ ಜೋಡಿಗಳೂ ಉಂಟು. ಅಂದರೆ ಒಂದು ಜೋಡಿ ಹೋರಿಯ ಬೆಲೆ ಒಂದು ಬೈಕಿನ ಬೆಲೆಗೆ ಸಮ.

ಹಣ ಕಟ್ಟಿದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಕಾವಲಿನಲ್ಲಿ ಬಯಲಾಗಿ ಬೆಳೆದ ಈ ಕರು ಮನುಷ್ಯನ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ. ಹಗ್ಗ ಹಾಕಿ ಹಿಡಿಯುವುದೇ ಒಂದು ಸಾಹಸ. ಮನೆಗೆ ತಂದ ರೈತ ಅದನ್ನು ಮರುದಿನವೇ ಗಾಡಿಗೆ ಕಟ್ಟುವುದಿಲ್ಲ. ಮೊದಲು ದನಿಗೆ ಒಗ್ಗಿಸುತ್ತಾನೆ, ಮೈ ಸವರುತ್ತಾನೆ, ಮೂಗುದಾರ ಹಾಕುತ್ತಾನೆ. ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಹೂಡಿ ಬರಿಗಾಡಿಯಲ್ಲಿ ನಡೆಸುತ್ತಾನೆ. ಹೊರೆ ಹಾಕುವುದು ಆಮೇಲೆ. ಈ ತಳಿ ನಿಧಾನವಾಗಿ ಬಲಿಯುತ್ತದೆ, ಹಾಗಾಗಿ ಎಳೆಯದರಲ್ಲೇ ಹೊರೆ ಹೇರಿದರೆ ಕೆಡುತ್ತದೆ ಎಂಬುದು ರೈತನಿಗೆ ಗೊತ್ತು.

ಗಮನಿಸಿ: ಇಲ್ಲಿ ಪ್ರಾಣಿಗೂ ತರಬೇತು, ನಡೆಸುವವನಿಗೂ ತರಬೇತು. ಹತ್ತು ವರ್ಷದ ಹುಡುಗ ಅಪ್ಪನ ಪಕ್ಕ ಕುಳಿತು ಹಗ್ಗ ಹಿಡಿಯುತ್ತಿದ್ದ. ಇಳಿಜಾರಿನಲ್ಲಿ, ಕತ್ತಲೆಯಲ್ಲಿ, ಎದುರಿಗೆ ಗಾಡಿ ಬಂದಾಗ ಏನು ಮಾಡಬೇಕೆಂದು ಕಲಿಯಲು ಅವನಿಗೆ ಹಲವು ವರ್ಷಗಳು ಸಿಗುತ್ತಿದ್ದವು. ಇಂದು ಶೋರೂಮಿನಲ್ಲಿ ಕೀಲಿಕೈ ಕೊಟ್ಟು ಫೋಟೋ ತೆಗೆದು ಕಳುಹಿಸುತ್ತಾರೆ. ಪಳಗಿಸುವ ಆ ವರ್ಷಗಳು ಎಲ್ಲಿ ಹೋದವು?

ರೈಲು ಬಂತು, ಸೈಕಲ್ಲು ಬಂತು

1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಓಡಿತು. ಕಡೂರು, ಬೀರೂರು, ಅಜ್ಜಂಪುರ ಮೂರೂ ಆ ದಾರಿಯಲ್ಲಿವೆ. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಕವಲು ಹಾದಿ ಆಯಿತು. ದೂರದ ಹೊರೆ ರೈಲಿಗೆ ಹೋಯಿತು. ಎತ್ತಿನ ಗಾಡಿಗೆ ಹೊಲದಿಂದ ಮನೆಗೆ, ಮನೆಯಿಂದ ಸಂತೆಗೆ ಎಂಬಷ್ಟು ಕೆಲಸ ಉಳಿಯಿತು.

ಆಮೇಲೆ ಬಂದದ್ದು ಸೈಕಲ್ಲು. ಮೊದಮೊದಲು ಅದು ಇಂಗ್ಲೆಂಡಿನಿಂದ ಬರುತ್ತಿದ್ದ ದುಬಾರಿ ವಸ್ತು. ಸ್ವಾತಂತ್ರ್ಯದ ಆಚೀಚೆ ನಮ್ಮ ದೇಶದಲ್ಲೇ ಸೈಕಲ್ ಕಾರ್ಖಾನೆಗಳು ಬೆಳೆದವು. ಮದರಾಸಿನಲ್ಲಿ 1949ರಲ್ಲಿ, ಸೋನೆಪತ್‌ನಲ್ಲಿ 1951ರಲ್ಲಿ, ಲೂಧಿಯಾನದಲ್ಲಿ 1956ರಲ್ಲಿ ದೊಡ್ಡ ಕಂಪನಿಗಳು ಕೆಲಸ ಆರಂಭಿಸಿದವು. ಆಗ ಸೈಕಲ್ಲಿಗೂ ಪುರಸಭೆಯ ತೆರಿಗೆ ಇತ್ತು, ಕಟ್ಟಿದ್ದಕ್ಕೆ ಗುರುತಾಗಿ ಬಿಲ್ಲೆ ಇತ್ತು. ಸಂಜೆಯ ಮೇಲೆ ದೀಪವಿಲ್ಲದೆ ಹೋದರೆ, ಹಿಂದೆ ಒಬ್ಬನನ್ನು ಕೂರಿಸಿಕೊಂಡು ಹೋದರೆ ಪೊಲೀಸರು ಹಿಡಿಯುತ್ತಿದ್ದರು. ನಿಮ್ಮ ತಾತನವರನ್ನು ಕೇಳಿ, ನಗುತ್ತಾ ಹೇಳುತ್ತಾರೆ.

ಆ ಕಾಲದ ಹುಡುಗರು ಸೈಕಲ್ಲನ್ನು ಕಲಿತದ್ದು ಗಂಟೆಯ ಲೆಕ್ಕದ ಬಾಡಿಗೆಗೆ. ಅಡ್ಡ ಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ, ಬಿದ್ದು, ಮೊಣಕಾಲು ತರಚಿಕೊಂಡು ಕಲಿತರು. ಸ್ವಂತ ಸೈಕಲ್ಲು ಮನೆಗೆ ಬಂದಾಗ ಅದು ಒಬ್ಬನದಾಗಿರಲಿಲ್ಲ, ಮನೆಯದಾಗಿತ್ತು. ಅದೇ ಸೈಕಲ್ಲಿನಲ್ಲಿ ಅಪ್ಪ ಸಂತೆಗೆ, ಅಣ್ಣ ಹೈಸ್ಕೂಲಿಗೆ, ಚಿಕ್ಕಪ್ಪ ಹಾಲು ಹಾಕಲು ಹೋಗುತ್ತಿದ್ದರು.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೊರಟ ಆ ದೃಶ್ಯವನ್ನು ಕಂಡವರು ಮರೆಯಲಾರರು. ಕೋವಿಡ್ ಬಂದ ಮೇಲೆ ಹಂಚಿಕೆ ನಿಂತಿತು. ಆದರೂ ಸವಾರಿಯ ಇತಿಹಾಸದಲ್ಲಿ ಇದು ದೊಡ್ಡ ಘಟನೆ. ಗಾಡಿಯ ಬೆಲೆಯನ್ನು ಇಲ್ಲಿ ಸಮಾಜವೇ ತೆತ್ತಿತು, ಓದು ನಿಲ್ಲಬಾರದೆಂಬ ಒಂದೇ ಕಾರಣಕ್ಕೆ.

ಮೈಸೂರಿನ ಜಾವಾದಿಂದ ಇಂದಿನವರೆಗೆ

ಮೋಟಾರ್‌ಸೈಕಲ್ಲಿನ ಕಥೆಯಲ್ಲಿ ಕನ್ನಡ ನಾಡಿಗೆ ಹೆಮ್ಮೆಯ ಪಾಲಿದೆ. ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ತಯಾರಿಸಲು 1960ರ ಸುಮಾರಿಗೆ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿತು. ಸ್ಥಾಪಕರು ರುಸ್ತುಂ ಇರಾನಿಯವರು. 1973ರಿಂದ ಗಾಡಿಗೆ ಯೆಜ್ದಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಆಗ ಇಂಥ ಗಾಡಿ ಯಾರ ಬಳಿ ಇರುತ್ತಿತ್ತು? ಡಾಕ್ಟರು, ಕಂಟ್ರಾಕ್ಟರು, ಭದ್ರಾ ಯೋಜನೆಯ ಎಂಜಿನಿಯರು, ಕಾಫಿ ಎಸ್ಟೇಟಿನ ಮ್ಯಾನೇಜರು. ದೂರದ ಜಾಗಗಳಿಗೆ ಹೋಗಿ ಬರುವುದೇ ಅವರ ವೃತ್ತಿಯಾಗಿತ್ತು. ವಿದ್ಯಾರ್ಥಿಯ ಕೈಯಲ್ಲಿ ಮೋಟಾರ್‌ಸೈಕಲ್ಲು ಕಾಣುವುದು ಅಪರೂಪವಾಗಿತ್ತು. ಕೊಳ್ಳಬೇಕೆಂದರೂ ಸಿಗುತ್ತಿರಲಿಲ್ಲ. ಒಂದು ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು.

1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂದವು. ಮೊಪೆಡ್ ಎಂಬ ಈ ಪುಟ್ಟ ಗಾಡಿ ಹಳ್ಳಿಯ ಬದುಕನ್ನು ಬದಲಿಸಿದಷ್ಟು ಬೇರೆ ಯಾವ ಗಾಡಿಯೂ ಬದಲಿಸಲಿಲ್ಲವೆನ್ನಬಹುದು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ತೆಂಗಿನಕಾಯಿ ಚೀಲ, ಜೊತೆಗೆ ಹೆಂಡತಿ, ಮಗು ಎಲ್ಲವನ್ನೂ ಅದು ಹೊತ್ತಿತು. ಎತ್ತಿನ ಗಾಡಿಯ ನಿಜವಾದ ವಾರಸುದಾರ ಮೊಪೆಡ್ಡೇ.

1984–85ರಲ್ಲಿ ಜಪಾನಿನ ತಂತ್ರಜ್ಞಾನ ಬಂತು. ಇಂಡ್–ಸುಜುಕಿ, ಹೀರೊ ಹೋಂಡಾ ಸಿ.ಡಿ. 100, ಯಮಹಾ ಆರ್.ಎಕ್ಸ್. 100 ಒಂದರ ಹಿಂದೊಂದು ರಸ್ತೆಗಿಳಿದವು. ಜಾಹೀರಾತುಗಳು ಬಹುಮಟ್ಟಿಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ಹೇಳುತ್ತಿದ್ದವು. 2001ರಲ್ಲಿ ಪಲ್ಸರ್ ಬಂದಾಗ ಮಾತಿನ ಧಾಟಿ ಬದಲಾಯಿತು. ಗಾಡಿ ಗಂಡಸುತನದ ಗುರುತೆಂದು ಹೇಳಲಾಯಿತು. 2012ರಲ್ಲಿ ಕೆ.ಟಿ.ಎಂ. ಡ್ಯೂಕ್ 200 ಬಂದ ಮೇಲೆ ರೇಸಿನ ಗಾಡಿಗೆ ಹತ್ತಿರದ ಯಂತ್ರವೇ ಕಾಲೇಜಿನ ಬಾಗಿಲಿಗೆ ಬಂದು ನಿಂತಿತು. ಜಾವಾ ಹೆಸರು 2018ರಲ್ಲಿ, ಯೆಜ್ದಿ ಹೆಸರು 2022ರಲ್ಲಿ ಮತ್ತೆ ಬಂದವು. ಈ ಸಲ ಬೆಲೆ ಸುಮಾರು ಎರಡು ಲಕ್ಷ ರೂಪಾಯಿ.

ಹೀಗೆ ನಲವತ್ತು ವರ್ಷಗಳಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಮೊದಲು ಮನೆಗೆ ಒಂದು ಗಾಡಿ, ಅದಕ್ಕೆ ಒಂದು ಕೆಲಸ. ಈಗ ವ್ಯಕ್ತಿಗೆ ಒಂದು ಗಾಡಿ, ಅದಕ್ಕೆ ಒಂದು ಅಂತಸ್ತು. ಆದರೆ ಹಣ ಬರುವುದು ಮಾತ್ರ ಅದೇ ಹಳೆಯ ಜೇಬಿನಿಂದ.

ಕಂತಿನ ಲೆಕ್ಕ

ಒಂದು ಲೆಕ್ಕವನ್ನು ನೀವೇ ಮಾಡಿ ನೋಡಿ. ಒಂದೂವರೆ ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, ಮೂರು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 4,980 ರೂಪಾಯಿ ಬರುತ್ತದೆ. ಮೂವತ್ತಾರು ಕಂತು ಮುಗಿಯುವಾಗ ಕಟ್ಟಿದ್ದು 1,79,000 ರೂಪಾಯಿಗೂ ಮಿಗಿಲು. ಬಡ್ಡಿಯೇ 29,000 ದಾಟಿತು. ವಿಮೆ, ಪೆಟ್ರೋಲು, ಟೈರು, ರಿಪೇರಿ ಬೇರೆ.

ಕಂತಿಗೆ ಪ್ರತಿ ತಿಂಗಳೂ ದಿನಾಂಕವಿದೆ. ಈರುಳ್ಳಿಗೆ ಹಾಗಿಲ್ಲ. ಬೆಲೆ ಬಂದ ವರ್ಷ ಅಜ್ಜಂಪುರದ ರೈತನ ಕೈಯಲ್ಲಿ ಹಣ ಓಡಾಡುತ್ತದೆ. ಬೆಲೆ ಬಿದ್ದ ವರ್ಷ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಕಡೂರಿನ ತೆಂಗು ಮಳೆ ಕೈಕೊಟ್ಟರೆ ಸುಳಿ ಒಣಗಿ ನಿಲ್ಲುತ್ತದೆ. ಏರುಪೇರಿನ ಆದಾಯದ ಮೇಲೆ ಏರುಪೇರಿಲ್ಲದ ಸಾಲ ಕೂತಾಗ ಹೆತ್ತವರು ಯಾವುದನ್ನು ಕೈಬಿಡುತ್ತಾರೆ? ಹಲವು ಮನೆಗಳಲ್ಲಿ ಅದು ತಾಯಿಯ ಔಷಧಿ, ಇಲ್ಲವೆ ತಂಗಿಯ ಹಾಸ್ಟೆಲ್ ಶುಲ್ಕ. ಇದನ್ನು ಮಗನಿಗೆ ಯಾರೂ ಹೇಳುವುದಿಲ್ಲ.

ಮಗನ ಮಾತೂ ನ್ಯಾಯವೇ

ಈಗ ಇನ್ನೊಂದು ಕಡೆಯ ವಾದವನ್ನೂ ಕೇಳೋಣ. ಬಸ್ಸು ಎಲ್ಲ ಹಳ್ಳಿಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ವಿದ್ಯಾರ್ಥಿ ಪಾಸು ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವೂ ಇದೆ. ಆದರೆ ಬಸ್ಸೇ ಇಲ್ಲದ ಕಡೆ ಪಾಸು ಏನು ಮಾಡೀತು? ಲ್ಯಾಬು ಮುಗಿಸಿ ಸಂಜೆ ಊರು ಸೇರಬೇಕಾದ ವಿದ್ಯಾರ್ಥಿಗೆ, ಓದುತ್ತಲೇ ತೋಟ ನೋಡಿಕೊಳ್ಳುವ ಯುವಕನಿಗೆ ಗಾಡಿ ಬೇಕು. ಇದು ನಿಜವಾದ ಅಗತ್ಯ. ಆದರೆ ಆ ಅಗತ್ಯಕ್ಕೆ ನೂರು ಸಿ.ಸಿ.ಯ, ಎರಡನೆಯ ಕೈಯ ಒಂದು ಗಟ್ಟಿ ಗಾಡಿ ಸಾಕು. ಗಂಟೆಗೆ 130 ಕಿಲೋಮೀಟರ್ ಓಡುವ ಶಕ್ತಿ ಆ ದಾರಿಯಲ್ಲಿ ಯಾವ ಕೆಲಸಕ್ಕೂ ಬಾರದು.

‘ನಾನು ರೇಸಿಗೆ ಹೋಗುತ್ತೇನೆ’ ಎನ್ನುವವರೂ ಇದ್ದಾರೆ. ಅದೂ ಗೌರವದ ಆಸೆಯೇ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ಬಾಹಾ ವಿಶ್ವಕಪ್ ಗೆದ್ದರು. ಈ ಕ್ರೀಡೆಯಲ್ಲಿ ‘ಒಂದೇ ಬಗೆಯ ಗಾಡಿ’ ಎಂಬ ಪದ್ಧತಿಯ ಸ್ಪರ್ಧೆಗಳಿವೆ. ಎಲ್ಲರಿಗೂ ಒಂದೇ ಮಾದರಿಯ ಗಾಡಿ ಕೊಟ್ಟು ಓಡಿಸುತ್ತಾರೆ. ಯಾಕೆ? ಅಪ್ಪನ ಜೇಬಿನ ಆಳವಲ್ಲ, ಸವಾರನ ಕೈಯ ಹದ ಗೊತ್ತಾಗಲಿ ಎಂದು. ಅಲ್ಲಿ ರಸ್ತೆಯಲ್ಲ, ಮುಚ್ಚಿದ ಟ್ರ್ಯಾಕು. ಎದುರಿನಿಂದ ಯಾರೂ ಬರುವುದಿಲ್ಲ. ಮೈತುಂಬ ರಕ್ಷಣೆಯ ಉಡುಪು, ಪಕ್ಕದಲ್ಲಿ ಆಂಬುಲೆನ್ಸ್. ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿ ಕಬ್ಬಿನ ಟ್ರ್ಯಾಕ್ಟರು, ಅಡ್ಡಬರುವ ಎಮ್ಮೆ, ಕಾಳು ಒಣಗಿಸಿದ ಅಂಚು, ದೀಪವಿಲ್ಲದೆ ನಿಂತ ಲಾರಿ ಇವೆ.

ಹಿಂದಿರುಗಿ ಬಾರದ ಬೆಲೆ

ಕೊನೆಯ ಲೆಕ್ಕ ಹಣದ್ದಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಇವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕುಳಿತವರು. ಹಿಂದೆ ಕುಳಿತವನಿಗೆ ಗಾಡಿಯ ವೇಗದ ಮೇಲೆ ಯಾವ ಹಿಡಿತವೂ ಇರುವುದಿಲ್ಲ ಎಂಬುದನ್ನು ಗೆಳೆಯನನ್ನು ಹತ್ತಿಸಿಕೊಳ್ಳುವಾಗ ನೆನೆಯಿರಿ.

ಭೌತಶಾಸ್ತ್ರದ ಪಾಠವನ್ನು ಇಲ್ಲಿಗೆ ತನ್ನಿ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. 100ರಲ್ಲಿ ಸುಮಾರು 28 ಮೀಟರು. ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಇಷ್ಟು ದೂರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಾಡಿಗೆ ಎಷ್ಟು ಕೊಟ್ಟಿದ್ದರೂ ಈ ನಿಯಮ ಬದಲಾಗುವುದಿಲ್ಲ. ಒಂದು ಮಾತು ನಿಜ. ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು 2019ರಿಂದ 125 ಸಿ.ಸಿ. ಮೀರಿದ ಗಾಡಿಗಳಿಗೆ ಕಡ್ಡಾಯವಾಗಿದೆ. ಹೆಚ್ಚು ಹಣ ಕೊಡುವುದಿದ್ದರೆ ಇಂಥ ಬ್ರೇಕಿಗೆ, ಒಳ್ಳೆಯ ಹೆಲ್ಮೆಟ್ಟಿಗೆ ಕೊಡಲಿ.

ಕಾನೂನೂ ಹೆತ್ತವರನ್ನೇ ಕೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಕಲಂ ಸೇರಿತು. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ನಡೆದರೆ ಪೋಷಕರು ಅಥವಾ ಗಾಡಿಯ ಒಡೆಯರು ಹೊಣೆ. 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವರಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. ಮಗನ ತಪ್ಪಿಗೆ ನ್ಯಾಯಾಲಯದಲ್ಲಿ ನಿಂತು ದಂಡ ಕಟ್ಟಿದ ತಂದೆತಾಯಿಯರ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು.

ನೀವು ಮಾಡಬಹುದಾದ ಕೆಲಸ

ಹಾಗಾದರೆ ತೀರ್ಮಾನವೇನು? ಎಳೆಯ ಸವಾರನಿಗೆ ಗಾಡಿ ಬೇಕಾಗಬಹುದು, ದುಬಾರಿ ಗಾಡಿ ಬೇಕಿಲ್ಲ. ಹೆತ್ತವರು ನೆರವಾಗಬಹುದು, ಆದರೆ ಸಾಲ ಮಾಡಿ ಮಗನ ಅಂತಸ್ತನ್ನು ಕೊಳ್ಳಬೇಕಾಗಿಲ್ಲ. ವಯಸ್ಸು ತುಂಬಿ, ಲೈಸೆನ್ಸು ಪಡೆದು, ಸಣ್ಣ ಗಾಡಿಯಲ್ಲಿ ಒಂದೆರಡು ಮಳೆಗಾಲ ಕಳೆದವನು ಮುಂದೆ ತನ್ನ ದುಡಿಮೆಯಲ್ಲಿ ದೊಡ್ಡದನ್ನು ಕೊಳ್ಳಲಿ. ಹೋರಿಯನ್ನು ಬರಿಗಾಡಿಗೆ ಹೂಡಿ ಕಲಿಸಿದ ರೈತನ ಕ್ರಮವೂ ಇದೇ ಆಗಿತ್ತಲ್ಲವೆ?

ಇತಿಹಾಸದ ವಿದ್ಯಾರ್ಥಿಗಳಾಗಿ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ಬಂದ ಮೊದಲ ಗಾಡಿ ಯಾವುದೆಂದು ಹಿರಿಯರನ್ನು ಕೇಳಿ. ಎತ್ತಿನ ಗಾಡಿಯೋ, ಸೈಕಲ್ಲೋ, ಮೊಪೆಡ್ಡೋ? ಯಾವ ವರ್ಷ ಬಂತು, ಎಷ್ಟು ಹಣ, ಏನನ್ನು ಮಾರಿ ತಂದರು, ಮೊದಲ ದಿನ ಅದರ ಮೇಲೆ ಏನನ್ನು ಹೊತ್ತು ತಂದರು, ಇವುಗಳನ್ನು ಬರೆದಿಟ್ಟುಕೊಳ್ಳಿ. ಅಜ್ಜಿಯನ್ನು ಕೇಳಲು ಮರೆಯಬೇಡಿ. ಗಂಡಸರು ಗಾಡಿಯ ಹೆಸರನ್ನು ನೆನಪಿಟ್ಟಿರುತ್ತಾರೆ. ಅದಕ್ಕಾಗಿ ಅಡವಿಟ್ಟ ಓಲೆಯ ತೂಕವನ್ನು ಅಜ್ಜಿ ನೆನಪಿಟ್ಟಿರುತ್ತಾರೆ.

ಆ ಪುಟವನ್ನು ಬರೆದು ಮುಗಿಸಿದ ಮೇಲೂ ನಿಮಗೆ ಬೈಕು ಬೇಕೆನಿಸಿದರೆ, ಆ ಹಾಳೆಯನ್ನು ಹಿಡಿದುಕೊಂಡೇ ತಂದೆಯವರ ಎದುರಿಗೆ ಕುಳಿತು ಮಾತನಾಡಿ. ಕೇಳುವವರೂ ಕೊಡುವವರೂ ಒಂದೇ ಲೆಕ್ಕವನ್ನು ನೋಡುತ್ತಾ ಮಾತನಾಡಿದರೆ, ತಂದೆ ಎದ್ದು ಹೊರಗೆ ಹೋಗಬೇಕಾದ ಪ್ರಸಂಗ ಬರುವುದಿಲ್ಲ.